ಚೂರುಬಟ್ಟೆಯ ಕೌದಿ: ಮನೆಯಲ್ಲಿಯೇ ಹೊಲಿದುಕೊಳ್ಳುವ ಕ್ರಮ

ಹಳೆಯ ಬಟ್ಟೆಯಿಲ್ಲದ ಮನೆಯುಂಟೆ? ಅಟ್ಟದ ಮೇಲಣ ಟ್ರಂಕನ್ನಾಗಲಿ ಮಂಚದ ಕೆಳಗಣ ಪೆಟ್ಟಿಗೆಯನ್ನಾಗಲಿ ತೆರೆದು ನೋಡಿದರೆ, ಉಡುವುದಕ್ಕೆ ಬಾರದ, ಎಸೆಯುವುದಕ್ಕೆ ಮನಸ್ಸೊಪ್ಪದ ಸೀರೆಗಳು, ಪಂಚೆಗಳು, ಮಕ್ಕಳ ಲಂಗಗಳು ಪದರಪದರವಾಗಿ ದೊರೆಯುವುವು. ಧನಕ್ಕೆ ದಾನ, ಭೋಗ, ನಾಶಗಳೆಂಬ ಮೂರು ಗತಿಗಳನ್ನು ಭರ್ತೃಹರಿಯು ಹೇಳಿರುವನಷ್ಟೆ. ನಾವಿರುವ ಜಯನಗರದಲ್ಲಿ ಹಳೆಯ ಸೀರೆಗೂ ಮೂರೇ ಗತಿಗಳು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗುತ್ತ ಬಂದಾಗ ಆರೇಳು ಸೀರೆಗಳು ಸೇರಿ ಒಂದು ಸ್ಟೀಲಿನ ಡಬರಿಯಾಗುವುದು ಮೊದಲನೆಯದು. ನೆಲ ಒರಸುವ ಅರಿವೆಯಾಗುವುದು ಎರಡನೆಯದು. ಹಳೆಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸುವ ಕಾಲದಲ್ಲಿ ಟ್ರಂಕಿನೊಡನೆಯೇ ಗುಜರಿಗೆ ಹೋಗುವುದು ಮೂರನೆಯದು. ಈ ಮೂರಕ್ಕಿಂತಲೂ ಮೇಲಾದ ನಾಲ್ಕನೆಯ ಗತಿಯೊಂದುಂಟು. ಅದೇ ಕೌದಿ. ಅದರ ಮೇಲುಹಾಸನ್ನು ಮನೆಯಲ್ಲಿಯೇ ಕೂಡಿಸಿ ಹೊಲಿದುಕೊಳ್ಳುವ ಸುಲಭವಾದ ಕ್ರಮವನ್ನು ವಾಚಕರಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕಂಥೆಯೂ ಕೌದಿಯೂ

ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ಸಂಸ್ಕೃತದಲ್ಲಿ ‘ಕಂಥಾ’ ಎಂದು ಹೆಸರು. ವೈರಾಗ್ಯಶತಕದಲ್ಲಿಯೂ ಭಜಗೋವಿಂದಸ್ತೋತ್ರದಲ್ಲಿಯೂ ಅದು ಯೋಗಿಯ ಹೊದಿಕೆಯಾಗಿ ಬಂದಿರುವುದರಿಂದ, ಕಂಥೆಯೆಂದೊಡನೆ ನಮಗೆ ಸಂನ್ಯಾಸಿಯ ನೆನಪಾಗುವುದು ಸಹಜ. ಬಂಗಾಳದ ಹೆಂಗಸರು ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿಯುವ ‘ಕಾಂಥಾ’ ಕೆಲಸದ ಹೆಸರೂ ಇದೇ ಮಾತಿನದು. ಬೌದ್ಧರ ವಿನಯಪಿಟಕಕ್ಕೆ ಸೇರಿದ ಮಹಾವಗ್ಗದಲ್ಲಿ ಸ್ವಾರಸ್ಯವಾದ ಒಂದು ಪ್ರಸಂಗವಿದೆ. ಮಗಧದೇಶದ ಗದ್ದೆಗಳು ಬದುಗಳಿಂದ ವಿಭಾಗಗೊಂಡು ಸಾಲುಸಾಲಾಗಿ ಹರಡಿದ್ದುದನ್ನು ಕಂಡ ಬುದ್ಧನು, ಭಿಕ್ಷುಗಳ ಚೀವರವನ್ನು ಆ ರೀತಿಯಲ್ಲಿ ಹೊಲಿಯುವುದು ಸಾಧ್ಯವೇ ಎಂದು ಆನಂದನನ್ನು ಕೇಳಿದನಂತೆ. ಆನಂದನು ತುಂಡುಗಳನ್ನು ಗದ್ದೆಗಳಂತೆಯೂ ಪಟ್ಟಿಗಳನ್ನು ಬದುಗಳಂತೆಯೂ ಕೂಡಿಸಿ ಹಾಗೆಯೇ ಹೊಲಿದು ತೋರಿಸಿದನು. ಚೌಕ, ಪಟ್ಟಿ, ಸುತ್ತಣ ಅಂಚು ಎಂಬ ಈ ಹೊಲಿಗೆಯ ಮೂರು ಅಂಗಗಳೂ ಆ ಗದ್ದೆಯ ಬಯಲಿನಲ್ಲಿಯೇ ಇವೆಯೆಂಬುದನ್ನು ಗಮನಿಸತಕ್ಕದ್ದು.

ಕನ್ನಡನಾಡಿನಲ್ಲಿ ಕೌದಿಯ ತವರು ಉತ್ತರದ ಜಿಲ್ಲೆಗಳು. ಧಾರವಾಡ, ವಿಜಯಪುರ, ಬಾಗಲಕೋಟೆಗಳ ಕಡೆಯ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಮೂರು ನಾಲ್ಕು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ, ದಪ್ಪನೆಯ ದಾರದಿಂದ ಉದ್ದಕ್ಕೂ ಓಟದ ಹೊಲಿಗೆ ಹಾಕುವರು. ಇಳಕಲ್ಲಿನ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಮಗುವಿನ ಕುಲಾವಿಯ ತುದಿ, ಎಲ್ಲಕ್ಕೂ ಅಲ್ಲಿ ಸ್ಥಳವುಂಟು. ಬಾಣಂತಿಯ ಮಂಚಕ್ಕೂ, ಮಗುವಿನ ತೊಟ್ಟಿಲಿಗೂ, ಹೊಲ ಕಾಯುವವನ ಗುಡಿಸಲಿಗೂ ಹೋಗುವ ಹಾಸಿಗೆಯೂ ಹೊದಿಕೆಯೂ ಅದೇ. ಕೌದಿ ಹೊಲಿಯುವುದನ್ನೇ ವೃತ್ತಿಯಾಗಿ ಮಾಡಿಕೊಂಡು, ಊರಿಂದೂರಿಗೆ ಹೋಗಿ, ಮನೆಯವರ ಬಟ್ಟೆಯಿಂದಲೇ ಅವರ ಜಗಲಿಯ ಮೇಲೆ ಕುಳಿತು ಹೊಲಿದುಕೊಡುವ ಹೆಂಗಸರೂ ಉಂಟು.

ಉತ್ತರಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಾಡಂಚಿನಲ್ಲಿ ನೆಲಸಿರುವ ಸಿದ್ದಿಯರ ಕೌದಿಯಂತೂ ಲೋಕಪ್ರಸಿದ್ಧವಾಗಿದೆ. ಇವರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯವರು. ಕೌದಿಯನ್ನು ‘ಕವಂದಿ’ ಎನ್ನುವರು. ಇವರ ಕ್ರಮವೇ ಬೇರೆ. ಹಾಸಿದ ಸೀರೆಯ ಒಂದು ಮೂಲೆಯಿಂದ ಮೊದಲುಮಾಡಿ, ತುಂಡಿನ ಅಂಚನ್ನು ಮಡಿಸಿ ಹೊಲಿಯುತ್ತ, ಸುತ್ತ ಅಂಚನ್ನೆಲ್ಲ ಬಳಸಿಕೊಂಡು, ಸುತ್ತು ಸುತ್ತಾಗಿ ಒಳಗೆ ಸರಿದು ನಡುವಿನಲ್ಲಿ ಮುಗಿಸುವರು. ಅಳತೆಗೋಲಿಲ್ಲ, ಗೀಟಿಲ್ಲ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಮುಕ್ಕೋನದ ಚೂರುಗಳನ್ನು ಇಡುವರು. ಅದಕ್ಕೆ ‘ಫುಲಾ’, ಎಂದರೆ ಹೂವು, ಎಂದು ಹೆಸರು. ಆ ಹೂವಿಲ್ಲದ ಕೌದಿಯು ಬತ್ತಲೆಯ ಕೌದಿಯೆಂದು ಅವರ ಭಾವನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲೇತಿಹಾಸಜ್ಞರಾದ ಹೆನ್ರಿ ಡ್ರೂವಲ್ ಎಂಬವರು 2004ರಲ್ಲಿ ಇವರ ಕೆಲಸವನ್ನು ಕಂಡು ಮೆಚ್ಚಿ, ಸಿದ್ದಿ ಹೆಂಗಸರು ಸಹಕಾರದಿಂದ ಕೌದಿಗಳನ್ನು ಮಾರಿಕೊಳ್ಳುವ ಏರ್ಪಾಟಿಗೆ ನೆರವಾದರು. ತರುವಾಯ ಇವು ಪರದೇಶದ ವಸ್ತುಪ್ರದರ್ಶನಗಳಲ್ಲಿ ಗೋಡೆಯನ್ನೇರಿದುವು.

ಇಷ್ಟಾದರೂ ನಮ್ಮ ನಗರವಾಸಿಗಳಲ್ಲಿ ತೇಪೆಯೆಂದರೆ ಬಡತನದ ಗುರುತೆಂಬ ಅಳುಕು ಇನ್ನೂ ಹೋಗಿಲ್ಲ. ನೆಂಟರು ಬಂದಾಗ ಅಂಗಡಿಯ ರಗ್ಗನ್ನು ಹಾಸಿ, ಕೌದಿಯನ್ನು ಒಳಕೋಣೆಗೆ ಸೇರಿಸುವ ಮನೆಗಳನ್ನು ನಾವು ಬಲ್ಲೆವು. ಬಡತನದಿಂದಲೇ ಹುಟ್ಟಿದ ವಿದ್ಯೆಯಾದರೂ ಅದು ವಿದ್ಯೆಯೇ ಅಲ್ಲವೆ? ಹಸಿವೆಯಿಂದ ಅಡುಗೆ ಹುಟ್ಟಿತೆಂದು ಅಡುಗೆಯನ್ನು ಯಾರೂ ಹಳಿಯುವುದಿಲ್ಲ.

ಹಿರಿಯರ ಬಟ್ಟೆಯನ್ನು ಕತ್ತರಿಸಬಹುದೆ?

ಕೌದಿಯ ಮಾತೆತ್ತಿದಾಗಲೆಲ್ಲ ಗೃಹಿಣಿಯರು ನಮ್ಮನ್ನು ಕೇಳುವ ಪ್ರಶ್ನೆ ಇದೊಂದೇ. ತೀರಿಕೊಂಡ ತಾಯಿಯ ಸೀರೆಗೆ ಕತ್ತರಿ ಹಾಕುವುದು ದೋಷವಲ್ಲವೆ? ಶಾಸ್ತ್ರವನ್ನು ಓದಿದವರೆಂದು ನಮ್ಮನ್ನು ಕೇಳುವರೇ ಹೊರತು, ಅವರ ಅಳುಕು ಶಾಸ್ತ್ರದಿಂದ ಬಂದುದಲ್ಲ, ಮಮತೆಯಿಂದ ಬಂದುದು. ಆದಕಾರಣ ಉತ್ತರವನ್ನೂ ಗ್ರಂಥದಿಂದ ಕೊಡದೆ, ನಮ್ಮ ಮನೆಯಲ್ಲಿ ನಡೆದುದರಿಂದಲೇ ಕೊಡುವೆವು.

ನಮ್ಮ ತಾಯಿಯವರು ತೀರಿಕೊಂಡಾಗ ಅವರ ಹದಿನಾಲ್ಕು ನೂಲಿನ ಸೀರೆಗಳು ಉಳಿದುವು. ಕೆಲವನ್ನು ದಾನಮಾಡೋಣವೆಂದು ನಮ್ಮ ಮನೆಯವರು ಸೂಚಿಸಿದರು. ಪರದೇಶದಲ್ಲಿರುವ ತಮ್ಮನು ತನಗೊಂದು ಬೇಕೆಂದು ಬರೆದನು. ಅಕ್ಕ ಮಾತ್ರ ಒಂದನ್ನೂ ಮುಟ್ಟಗೊಡಲಿಲ್ಲ. “ಹಂಚಿದರೆ ಅಮ್ಮ ಹಂಚಿಹೋದ ಹಾಗೆ” ಎಂಬುದು ಅವಳ ಮಾತು. ಯಾರೂ ಎದುರಾಡಲಿಲ್ಲ. ಸೀರೆಗಳು ಕರ್ಪೂರದ ಗುಳಿಗೆಗಳೊಡನೆ ಟ್ರಂಕಿನಲ್ಲಿ ಆರು ವರ್ಷವಿದ್ದುವು. ಏಳನೆಯ ವರ್ಷ, ತಿಥಿಯ ಮಾರನೆಯ ದಿನ, ಅಕ್ಕನೇ ಟ್ರಂಕನ್ನು ತೆರೆದು ಹಸುರು ಸೀರೆಯನ್ನು ಕೈಗೆತ್ತಿಕೊಂಡಳು. ಅದು ಮಡಿಕೆಯ ಗೆರೆಯುದ್ದಕ್ಕೂ ಸೀಳಿಹೋಗಿತ್ತು. ಮತ್ತೊಂದನ್ನು ತೆಗೆದಳು, ಅದೂ ಹಾಗೆಯೇ. ಬಹಳ ಕಾಲ ಮಡಿಸಿಟ್ಟ ಹಳೆಯ ನೂಲು ಮಡಿಕೆಯಲ್ಲಿಯೇ ಮುರಿಯುವುದು ಬಟ್ಟೆಯ ಸ್ವಭಾವ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, “ನಾವು ಕತ್ತರಿಸದಿದ್ದರೆ ಇದೇ ಕತ್ತರಿಸಿಕೊಳ್ಳುತ್ತದೆ” ಎಂದಳು. ಆ ಮಧ್ಯಾಹ್ನವೇ ಕತ್ತರಿ ಹೊರಬಂದಿತು. ಹದಿನಾಲ್ಕು ಸೀರೆಗಳಲ್ಲಿ ಗಟ್ಟಿಯಾಗಿ ಉಳಿದ ಭಾಗಗಳಿಂದ ಮೂರು ಮಂದಿ ಮಕ್ಕಳಿಗೂ ಮೂರು ಕೌದಿಗಳಾದುವು. ಮೂರರಲ್ಲಿಯೂ ಹಸುರು ಸೀರೆಯ ಚೌಕಗಳುಂಟು. ತಮ್ಮನ ಮನೆಯಲ್ಲಿ ಅಜ್ಜಿಯನ್ನು ಕಾಣದ ಮೊಮ್ಮಗು ಅದನ್ನು ಹೊದ್ದು ಮಲಗುವುದು. ಅಕ್ಕ ತನ್ನದನ್ನು ಹೊದೆಯುವುದಿಲ್ಲ, ಬೀರುವಿನಲ್ಲಿಟ್ಟಿರುವಳು. ಅದು ಅವಳ ಇಷ್ಟ.

ಇಂಥ ಸಂಗತಿಗಳು ಎಲ್ಲ ದೇಶಗಳಲ್ಲಿಯೂ ಇವೆ. ಅಮೆರಿಕದ ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಮಿಸೌರಿ ಪೆಟ್‌ವೇ ಎಂಬ ಕರಿಯ ಹೆಂಗಸು 1942ರಲ್ಲಿ ತನ್ನ ಗಂಡನು ಕಾಲವಾದ ಮೇಲೆ ಅವನು ಹೊಲದ ಕೆಲಸಕ್ಕೆ ತೊಡುತ್ತಿದ್ದ ಬಟ್ಟೆಗಳನ್ನೇ ಕೂಡಿಸಿ ಒಂದು ಕೌದಿಯನ್ನು ಹೊಲಿದಳು. ಅವನ ನೆನಪಿಗಾಗಿ, ಹೊದ್ದುಕೊಳ್ಳುವುದಕ್ಕಾಗಿ. ಮೊಣಕಾಲಿನ ಸವೆತ, ಬೆವರಿನ ಕಲೆ, ಜೇಬು ಕಿತ್ತ ಜಾಗದ ಗಾಢವಾದ ಬಣ್ಣ, ಇವೆಲ್ಲ ಆ ಹಳ್ಳಿಯ ಇಂಥ ಕೌದಿಗಳಲ್ಲಿ ಕಾಣಬರುವುವು. ಆ ಹಳ್ಳಿಯ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಕಲಾಶಾಲೆಗಳು ಪ್ರದರ್ಶಿಸಿದುವು. 2006ರಲ್ಲಿ ಆ ದೇಶದ ಅಂಚೆಯವರು ಅವುಗಳ ಚಿತ್ರದ ಸ್ಟಾಂಪುಗಳನ್ನು ಹೊರಡಿಸಿದರು. ಬಟ್ಟೆಯನ್ನು ಇಡುವುದಕ್ಕಿಂತ ಬಳಸುವುದರಲ್ಲಿಯೇ ನೆನಪು ಹೆಚ್ಚು ಕಾಲ ಬಾಳುವುದೆಂಬುದು ನಮ್ಮ ಅಭಿಪ್ರಾಯ. ಮನಸ್ಸೊಪ್ಪದವರನ್ನು ಮಾತ್ರ ಒತ್ತಾಯಪಡಿಸಕೂಡದು.

ಬಟ್ಟೆಯ ಆಯ್ಕೆ

ಮೊದಲ ಸಲ ಹೊಲಿಯುವವರು ನೂಲಿನ ಬಟ್ಟೆಯನ್ನೇ ಹಿಡಿಯುವುದು ಲೇಸು. ರೇಷ್ಮೆಯು ಜಾರುವುದು, ನೈಲಾನು, ಪಾಲಿಯೆಸ್ಟರುಗಳು ಇಸ್ತ್ರಿಯ ಶಾಖವನ್ನು ತಾಳವು. ತೆಳುವಾದುದನ್ನೂ ದಪ್ಪನೆಯದನ್ನೂ ಅಕ್ಕಪಕ್ಕದಲ್ಲಿ ಸೇರಿಸಿದರೆ ದಪ್ಪನೆಯದು ತೆಳುವಾದುದನ್ನು ಎಳೆದು ಹರಿಯುವುದು. ಹಳೆಯ ಬಟ್ಟೆಯನ್ನು ಪರೀಕ್ಷಿಸುವುದಕ್ಕೆ ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಬಿಗಿಯಾಗಿ ಎಳೆದು ನೋಡತಕ್ಕದ್ದು. ಹರಿದರೆ ಅದು ಒಳಪದರಕ್ಕೆ, ತಡೆದರೆ ಮೇಲುಹಾಸಿಗೆ. ಸೀರೆಯಲ್ಲಿ ಸೆರಗಿನ ಮಗ್ಗುಲೂ ಒಳತುದಿಯೂ ಗಟ್ಟಿಯಾಗಿದ್ದು, ನಡುಭಾಗವು ಸಾಮಾನ್ಯವಾಗಿ ಸವೆದಿರುವುದು.

ಮನೆಯ ಬಟ್ಟೆ ಸಾಲದಿದ್ದರೆ, ರವಿಕೆ ಹೊಲಿಯುವ ದರ್ಜಿಗಳಲ್ಲಿ ಚೂರುಗಳು ಮೂಟೆಗಟ್ಟಲೆ ಬಿದ್ದಿರುವುವು. ವಿನಯದಿಂದ ಕೇಳಿದರೆ ಕೊಡುವರು. ತಿಳಿಬಣ್ಣದ ಚೌಕಗಳಿಗೆ ನಾಲ್ಕನೆಯ ಬ್ಲಾಕಿನ ಅಂಗಡಿಸಾಲುಗಳಲ್ಲಿ ಮೀಟರಿನ ಲೆಕ್ಕದಲ್ಲಿ ಮಾರುವ ರವಿಕೆಯ ಒಳಬಟ್ಟೆಯು ಚೆನ್ನಾಗಿ ಒದಗುವುದು. ಹೊಸ ಬಟ್ಟೆಯನ್ನು ಮೊದಲು ಒಗೆದು ಒಣಗಿಸಿಯೇ ಕತ್ತರಿಸಬೇಕು. ಇಲ್ಲವಾದರೆ ಕೌದಿಯು ಮೊದಲ ಒಗೆತದಲ್ಲಿ ಅಲ್ಲಲ್ಲಿ ಕುಗ್ಗಿ ಸುಕ್ಕಾಗುವುದು. ಕೆಂಪು ನೀಲಿಗಳ ಒಂದು ಮೂಲೆಯನ್ನು ನೆನೆಸಿ, ಬಿಳಿಯ ಚೂರಿನ ಕೆಳಗಿಟ್ಟು ಇಸ್ತ್ರಿಮಾಡಿ ನೋಡಿರಿ. ಬಿಳಿಯದಕ್ಕೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬಣ್ಣ ನಿಲ್ಲುವವರೆಗೂ ಬೇರೆಯಾಗಿ ಒಗೆಯಬೇಕು, ಇಲ್ಲವೆ ಬಿಡಬೇಕು.

ಅಳತೆಯ ಲೆಕ್ಕ

ಒಂದು ಮಗುವಿಗೆ ಸಾಲುವಷ್ಟು ಕೌದಿಯ ಮೇಲುಹಾಸಿನ ಲೆಕ್ಕವನ್ನು ಇಲ್ಲಿ ಕೊಡುವೆವು. 5 ಅಂಗುಲ (12.7 ಸೆಂಟಿಮೀಟರು) ಚೌಕದ ತುಂಡುಗಳು ಎಂಬತ್ತು ಬೇಕು, ತಿಳಿಬಣ್ಣದವು ನಲವತ್ತು, ಗಾಢವರ್ಣದವು ನಲವತ್ತು. ಸುತ್ತ ಕಾಲಂಗುಲವು ಹೊಲಿಗೆಯೊಳಗೆ ಸೇರಿಹೋಗುವುದರಿಂದ ಪ್ರತಿಯೊಂದು ಚೌಕವೂ ಹೊಲಿದ ಮೇಲೆ 4½ ಅಂಗುಲ ಉಳಿಯುವುದು. ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು ಇಟ್ಟರೆ 36 ಅಂಗುಲ ಅಗಲ, 45 ಅಂಗುಲ ಉದ್ದವಾಗುವುದು. ಸುತ್ತಲೂ 3 ಅಂಗುಲದ ಅಂಚು ಕೊಟ್ಟರೆ 42ಕ್ಕೆ 51 ಅಂಗುಲ. ಎಂಬತ್ತು ಚೌಕಗಳಿಗೆ 44 ಅಂಗುಲ ಪನ್ನೆಯ ಬಟ್ಟೆ ಒಟ್ಟು ಒಂದೂವರೆ ಮೀಟರು ಸಾಕು.

ಕಾಲಂಗುಲವೆಂಬ ಈ ಅಳತೆಯಲ್ಲಿ ಅಲಕ್ಷ್ಯ ಸಲ್ಲದು. ಹೇಗೆಂದರೆ, ಪ್ರತಿ ತುಂಡಿನಲ್ಲಿ ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಾಗಿ ಒಳಗೆ ಹೋಯಿತೆಂದಿಟ್ಟುಕೊಳ್ಳೋಣ. ಒಂದು ಹೊಲಿಗೆಯಲ್ಲಿ ಎರಡು ತುಂಡುಗಳಾದುದರಿಂದ ನಷ್ಟ ಎಂಟನೆಯ ಒಂದು ಭಾಗ. ಎಂಟು ಚೌಕಗಳ ಸಾಲಿನಲ್ಲಿ ಹೊಲಿಗೆಗಳು ಏಳು. ಆ ಸಾಲು ಮುಕ್ಕಾಲಂಗುಲಕ್ಕಿಂತಲೂ ಹೆಚ್ಚಾಗಿ ಗಿಡ್ಡವಾಗುವುದು. ಪಕ್ಕದ ಸಾಲಿನೊಡನೆ ಅದು ಎಂದಿಗೂ ಕೂಡದು.

ಕತ್ತರಿಸುವುದು

ಗಟ್ಟಿ ರಟ್ಟಿನಲ್ಲಿ 5 ಅಂಗುಲದ್ದೊಂದು, 4½ ಅಂಗುಲದ್ದೊಂದು, ಹೀಗೆ ಎರಡು ಚೌಕಗಳನ್ನು ಮಾಡಿಟ್ಟುಕೊಳ್ಳಿರಿ. ಬಟ್ಟೆಯನ್ನು ಇಸ್ತ್ರಿಮಾಡಿ ಒಳಮೈ ಮೇಲಾಗಿ ಹಾಸಿ, ದೊಡ್ಡ ರಟ್ಟಿನ ಬದಿಯು ಹಾಸುನೂಲಿಗೆ ಸರಿಯಾಗಿ ನಿಲ್ಲುವಂತೆ ಇಟ್ಟು, ಸಣ್ಣಗೆ ಚೂಪುಮಾಡಿದ ಸೀಸದ ಕಡ್ಡಿಯಿಂದ ಗೀಟು ಹಾಕಿ ಕತ್ತರಿಸಬೇಕು. ಹಾಸು ಹೊಕ್ಕುಗಳ ನೇರಕ್ಕೆ ಬಟ್ಟೆ ಹಿಗ್ಗದು. ಓರೆಯಾಗಿ ಎಳೆದರೆ ಹಿಗ್ಗುವುದು. ಓರೆಯಾಗಿ ಕತ್ತರಿಸಿದ ಚೌಕವು ಹೊಲಿಯುವಾಗಲೇ ಆಕಾರಗೆಡುವುದು. ಬಟ್ಟೆಯ ನೆಯ್ದ ಅಂಚು ಉಳಿದ ಭಾಗಕ್ಕಿಂತ ಬಿಗಿಯಾಗಿರುವುದರಿಂದ ಅದನ್ನು ಚೌಕಗಳಲ್ಲಿ ಸೇರಿಸಕೂಡದು. ತರುವಾಯ ಪ್ರತಿಯೊಂದು ಚೌಕದ ಒಳಮೈಯ ನಡುವೆ ಸಣ್ಣ ರಟ್ಟನ್ನಿಟ್ಟು ಸುತ್ತ ಗೀಟು ಹಾಕಿದರೆ, ಅದೇ ಹೊಲಿಗೆಯ ದಾರಿ. ಈ ಅಳೆಯುವ, ಗೀಟೆಳೆಯುವ, ಕತ್ತರಿಸುವ ಕೆಲಸಗಳೆಲ್ಲ ಗಂಡಸರಿಗೂ ಮಕ್ಕಳಿಗೂ ಸುಲಭಸಾಧ್ಯವಾದುವು. ನಿವೃತ್ತರಾಗಿ ಮನೆಯಲ್ಲಿ ಪತ್ರಿಕೆಯನ್ನು ಎರಡೆರಡು ಸಲ ಓದುವವರಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗವನ್ನು ನಾವು ಕಾಣೆವು.

ಹೊಂದಿಸುವುದು

ಜಯನಗರದ ಅಸ್ತಿಭಾರವು 1948ರಲ್ಲಿ ಬಿದ್ದಾಗ ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ನಡುವೆ ನೇರವಾದ ಮುಖ್ಯರಸ್ತೆಗಳನ್ನೂ ಅಡ್ಡರಸ್ತೆಗಳನ್ನೂ ಎಳೆದರು. ಚೂರುಬಟ್ಟೆಯ ಹೊಲಿಗೆಯವರೂ ತಮ್ಮ ಚೌಕದ ಘಟಕವನ್ನು ಬ್ಲಾಕೆಂದೇ ಕರೆಯುವರು. ಬಡಾವಣೆಗೆ ನಕಾಶೆಯಿರುವಂತೆ ಕೌದಿಗೂ ನಕಾಶೆ ಬೇಕು. ಎಂಬತ್ತು ಚೌಕಗಳನ್ನೂ ನೆಲದ ಮೇಲೆ ಚದುರಂಗದ ಹಲಗೆಯಂತೆ, ತಿಳಿಯ ಪಕ್ಕಕ್ಕೆ ಗಾಢ, ಗಾಢದ ಪಕ್ಕಕ್ಕೆ ತಿಳಿ ಬರುವಂತೆ ಹರಡಿರಿ. ಒಂದೇ ಸೀರೆಯ ಚೂರುಗಳು ಒಂದೇ ಕಡೆ ಗುಂಪಾಗದಿರಲಿ. ಆಮೇಲೆ ದೂರ ನಿಂತು ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ, ಎಲ್ಲಿ ಬಣ್ಣ ಭಾರವಾಯಿತೆಂಬುದು ತಾನಾಗಿ ತೋರುವುದು. ಒಪ್ಪಿಗೆಯಾದ ಮೇಲೆ ಸಾಲು ಸಾಲಾಗಿ ಎತ್ತಿ, ಪ್ರತಿ ಸಾಲಿನ ಮೊದಲ ಚೌಕಕ್ಕೆ ಸಾಲಿನ ಸಂಖ್ಯೆಯ ಚೀಟಿಯನ್ನು ಚುಚ್ಚಿಡಬೇಕು.

ಹೊಲಿಯುವುದು

ಎರಡು ಚೌಕಗಳ ಹೊರಮೈಗಳು ಒಂದಕ್ಕೊಂದು ಎದುರಾಗುವಂತೆ ಜೋಡಿಸಿ, ಗೀಟಿನ ಮೂಲೆಗಳು ಕೂಡುವಂತೆ ಗುಂಡುಸೂಜಿ ಚುಚ್ಚಿ, ಗೀಟಿನ ಮೇಲೆಯೇ ಓಟದ ಹೊಲಿಗೆ ಹಾಕಿರಿ. ಅಂಗುಲಕ್ಕೆ ಎಂಟು ಪೋಟುಗಳಿರಲಿ; ಮೊದಲಲ್ಲಿಯೂ ಕೊನೆಯಲ್ಲಿಯೂ ಒಂದೆರಡು ಹಿಂಪೋಟು ಹಾಕಿ ಬಿಗಿಮಾಡಬೇಕು. ನೂಲಿನ ದಾರವೇ ಉತ್ತಮ. ಹೊಲಿಗೆಯ ಯಂತ್ರವಿದ್ದವರು ಅದರಿಂದಲೂ ಹೊಲಿಯಬಹುದು, ಕ್ರಮದಲ್ಲಿ ಭೇದವಿಲ್ಲ. ಎಂಟು ಚೌಕಗಳು ಸೇರಿ ಒಂದು ಸಾಲಾಗುವುದು; ಹೀಗೆ ಹತ್ತು ಸಾಲುಗಳು.

ಸಾಲು ಮುಗಿದೊಡನೆ ಇಸ್ತ್ರಿ ಮಾಡತಕ್ಕದ್ದು. ಹೊಲಿಗೆಯ ಒಳಗಣ ಎರಡು ಅಂಚುಗಳನ್ನೂ ಗಾಢವರ್ಣದ ಚೌಕದ ಕಡೆಗೆ ಮಡಿಸಿ ಒತ್ತಿರಿ. ಇದರಿಂದ ಎರಡು ಲಾಭಗಳು. ಗಾಢವರ್ಣದ ನೆರಳು ತಿಳಿಬಟ್ಟೆಯ ಕೆಳಗಿನಿಂದ ಇಣುಕದಿರುವುದು ಒಂದು. ಚದುರಂಗದ ಜೋಡಣೆಯಾದುದರಿಂದ ಮೇಲಿನ ಸಾಲಿನ ಅಂಚು ಬಲಕ್ಕೆ ಮಡಿದಿದ್ದರೆ ಅದರ ಕೆಳಗಿನ ಸಾಲಿನದು ಎಡಕ್ಕೆ ಮಡಿದಿರುವುದು ಮತ್ತೊಂದು. ಎರಡು ಸಾಲುಗಳನ್ನು ಎದುರುಬದುರಾಗಿಟ್ಟಾಗ ಆ ಅಂಚುಗಳು ಒಂದಕ್ಕೊಂದು ಆತುಕೊಂಡು ಬೆರಳಿಗೆ ಸಿಕ್ಕುವುವು, ಮೂಲೆಗಳು ತಪ್ಪುವುದಿಲ್ಲ. ಪ್ರತಿಯೊಂದು ಕೂಡುಸ್ಥಳದಲ್ಲಿಯೂ ಗುಂಡುಸೂಜಿ ಚುಚ್ಚಿಯೇ ಉದ್ದದ ಹೊಲಿಗೆಯನ್ನು ಹಾಕಬೇಕು. ಹತ್ತು ಸಾಲುಗಳನ್ನು ಒಂದರ ಹಿಂದೊಂದಾಗಿ ಸೇರಿಸುತ್ತ ಹೋಗುವುದಕ್ಕಿಂತ, ಎರಡೆರಡಾಗಿ ಐದು ಜೊತೆಗಳನ್ನು ಮಾಡಿಕೊಂಡು ಆಮೇಲೆ ಕೂಡಿಸಿದರೆ ಕೈಯ ಮೇಲೆ ಭಾರ ಬೀಳದು.

ಅಂಚಿನ ಪಟ್ಟಿಗಳನ್ನು 3½ ಅಂಗುಲ ಅಗಲಕ್ಕೆ ಕತ್ತರಿಸಬೇಕು. ಉದ್ದದ ಬದಿಗಳಿಗೆ 45½ ಅಂಗುಲದ ಎರಡು, ಅವನ್ನು ಹೊಲಿದ ಮೇಲೆ ಅಡ್ಡದ ಬದಿಗಳಿಗೆ 42½ ಅಂಗುಲದ ಎರಡು. ಕೂಡಿಸಿದ ಭಾಗವನ್ನು ಅಂಚಿನಲ್ಲಿ ಅಳೆಯದೆ ನಡುವೆ ಅಳೆದು ನೋಡುವುದು ವಿಹಿತ; ಅಂಚು ಹಿಗ್ಗಿರುವುದುಂಟು. ನಡುವಿನ ಅಳತೆ ನಮ್ಮ ಲೆಕ್ಕಕ್ಕಿಂತ ಬೇರೆಯಾಗಿದ್ದರೆ ಆ ಅಳತೆಗೇ ಪಟ್ಟಿಯನ್ನು ಕತ್ತರಿಸಿ, ಅಂಚನ್ನು ಅದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿರಿ. ಇಲ್ಲಿಗೆ ಮೇಲುಹಾಸು ಮುಗಿಯಿತು. ಇದರ ಕೆಳಗೆ ಹಳೆಯ ಪಂಚೆಯ ಎರಡು ಪದರ, ಅದರ ಕೆಳಗೆ ಗಟ್ಟಿಯಾದ ಒಂದು ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ದೊಡ್ಡ ದೊಡ್ಡ ಪೋಟುಗಳಿಂದ ತಾತ್ಕಾಲಿಕವಾಗಿ ಕೂಡಿಸಿಕೊಂಡು, ನಡುವಿನಿಂದ ಹೊರಕ್ಕೆ ಕೌದಿಯ ಓಟದ ಹೊಲಿಗೆಗಳನ್ನು ಹಾಕಿ, ಕೊನೆಯಲ್ಲಿ ಅಂಚು ಕಟ್ಟಿದರೆ ಬೆಂಗಳೂರಿನ ಮಾಗಿಯ ಚಳಿಗೆ ಸಾಕಾದ ಹಗುರವಾದ ಹೊದಿಕೆಯಾಗುವುದು.

ಶ್ರಮದ ಬೆಲೆ

ಮೇಲಿನ ಲೆಕ್ಕದಂತೆ ಸಣ್ಣ ಹೊಲಿಗೆಗಳು ಎಪ್ಪತ್ತು, ಉದ್ದದ ಹೊಲಿಗೆಗಳು ಒಂಬತ್ತು, ಅಂಚಿನವು ನಾಲ್ಕು. ಇವೆಲ್ಲವನ್ನೂ ಸೇರಿಸಿದರೆ ಸುಮಾರು 71 ಅಡಿಗಳ ಹೊಲಿಗೆ. ಅಂಗುಲಕ್ಕೆ ಎಂಟರಂತೆ ಏಳು ಸಾವಿರಕ್ಕೆ ಸಮೀಪವಾದ ಪೋಟುಗಳು. ಇದು ಮೇಲುಹಾಸಿಗೆ ಮಾತ್ರ. ಪದರಗಳನ್ನು ಕೂಡಿಸುವ ಹೊಲಿಗೆ ಇದರಲ್ಲಿ ಸೇರಿಲ್ಲ. ದಿನಕ್ಕೊಂದು ಗಂಟೆಯಂತೆ ಕುಳಿತರೆ ಇಸ್ತ್ರಿ ಕತ್ತರಿಗಳೂ ಸೇರಿ ಮೇಲುಹಾಸಿಗೆ ಹದಿನೈದು ದಿನಗಳಾದರೂ ಹಿಡಿಯುವುವು. ಒಂದು ಸಲ ತಾವೇ ಹೊಲಿದವರು, ಸಂತೆಯಲ್ಲಾಗಲಿ ಪ್ರದರ್ಶನದಲ್ಲಾಗಲಿ ಕೌದಿಯನ್ನು ಕೈಯಲ್ಲಿ ಹಿಡಿದು ಬೆಲೆ ಇಳಿಸೆಂದು ಚೌಕಾಸಿ ಮಾಡಲಾರರು. ಹಾಗೆ ಚೌಕಾಸಿ ಮಾಡುವುದನ್ನು ನಾವು ಕಂಡಿದ್ದೇವೆ. ಕೌದಿಯವಳು ತನ್ನ ಬೆರಳ ತುದಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುಮ್ಮನಿದ್ದುದನ್ನೂ ಕಂಡಿದ್ದೇವೆ. ಅಂಗಡಿಯ ರಗ್ಗಿಗೆ ಬರೆದ ಬೆಲೆಯನ್ನು ಮಾತಿಲ್ಲದೆ ತೆರುವ ನಾವು ಕೈಕೆಲಸದವಳ ಮುಂದೆ ಮಾತ್ರ ಲೆಕ್ಕಿಗರಾಗುವುದು ಗೃಹಸ್ಥಧರ್ಮಕ್ಕೆ ಒಪ್ಪುವ ಮಾತಲ್ಲ.

ಹೊಲಿದ ಕೌದಿಯನ್ನು ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಒಗೆದು, ಹಿಂಡದೆ ನೆರಳಿನಲ್ಲಿ ಹರಡಿ ಒಣಗಿಸಬೇಕು. ಎತ್ತಿಡುವಾಗ ಎರಡು ಮೂರು ತಿಂಗಳಿಗೊಮ್ಮೆ ಮಡಿಕೆಯ ಜಾಗವನ್ನು ಬದಲಾಯಿಸಬೇಕು. ಇಲ್ಲವಾದರೆ ಹಿಂದೆ ಹೇಳಿದಂತೆ ಮಡಿಕೆಯಲ್ಲಿಯೇ ನೂಲು ಮುರಿಯುವುದು. ಹಿಂಬದಿಯ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಯ ಸಣ್ಣ ಪಟ್ಟಿಯನ್ನು ಹೊಲಿದು, ಯಾವ ವರ್ಷ ಯಾರು ಹೊಲಿದರು, ಯಾರ ಯಾರ ಬಟ್ಟೆಗಳು ಇದರಲ್ಲಿವೆ ಎಂಬುದನ್ನು ಒಗೆದರೂ ಹೋಗದ ಶಾಯಿಯಲ್ಲಿ ಬರೆದಿಡಿರಿ. ನಮಗೆ ಗೊತ್ತಿರುವುದು ಮೊಮ್ಮಕ್ಕಳಿಗೆ ಗೊತ್ತಿರದು. ಈ ಮಾಗಿಗೆ ವಾಚಕರ ಮನೆಗಳಲ್ಲಿ ಒಂದೊಂದು ಟ್ರಂಕಾದರೂ ತೆರೆಯಲೆಂದೂ, ಮೊದಲ ಸಾಲಿನ ಎಂಟು ಚೌಕಗಳಾದರೂ ಹೊಲಿಗೆಯಾಗಲೆಂದೂ ಹಾರೈಸುವೆವು.